ಮೂವತ್ತು ಹಿಡಿ ಹತ್ತಿ

ಎರಡು ವರ್ಷ ಬಾಯಿ ಮುಚ್ಚಿಕೊಂಡು ಕೂತಿದ್ದ ಹತ್ತಿ ಹಿಂಜುವ ಯಂತ್ರ ಮತ್ತೆ ಗುಂಯ್‌ಗುಟ್ಟಿದಾಗ ಹಾಸಿಗೆ ಮಾಡುವವನಿಗೆ ಹೋದ ಜೀವ ಬಂದಂತಾಯಿತು. ಸೋಂಕಿನ ಆ ದಿನಗಳಲ್ಲಿ, ಇನ್ನೊಬ್ಬರು ಮಲಗಿದ ಹತ್ತಿಯೆಂದರೆ ಜನ ಮಾರು ದೂರ ಹಾರುತ್ತಿದ್ದರು. ಈಗ ಬಾಗಿಲು ತೆರೆದ ವಸತಿಗೃಹದವರು, ಹೊಸದು ಕೊಳ್ಳುವ ಶಕ್ತಿಯಿಲ್ಲದೆ, ಗಂಟುಗಟ್ಟಿದ ತಮ್ಮ ಹಳೆಯ ಹಾಸಿಗೆಗಳನ್ನೇ ಬಿಚ್ಚಿ ಮೂವತ್ತು ಹೊಸ ಹಾಸಿಗೆ ಮಾಡಿಕೊಡಲು ಹೇಳಿದ್ದರು. ಹತ್ತಿ ದಣಿಯುವ ಜಾತಿ, ಸಾಯುವ ಜಾತಿಯಲ್ಲ. ಬಿಸಿಲಿಗೆ ಹಾಕಿ ಹಿಂಜಿದರೆ ಮತ್ತೆ ಉಬ್ಬಿ ಕೂರುತ್ತದೆ.

ಕಿಟಕಿಯಿಂದ ಇಳಿದ ಬಿಸಿಲಿನಲ್ಲಿ ಎಳೆಗಳು ಯಾವ ಅವಸರವೂ ಇಲ್ಲದೆ ತೇಲುತ್ತಿದ್ದವು. ಅವನ ರೆಪ್ಪೆಯ ಮೇಲೆ ಕೂತವು, ಹೆಂಡತಿಯ ಜಡೆಯ ಮೇಲೆ ಕೂತವು. ತಾನು ನಿಂತಿದ್ದೇನೋ ತೇಲುತ್ತಿದ್ದೇನೋ ಅವನಿಗೇ ತಿಳಿಯಲಿಲ್ಲ. ಕೈಗೆ ಸಿಕ್ಕಿದ್ದನ್ನೆಲ್ಲ ಯಂತ್ರದ ಬಾಯಿಗೆ ಕೊಡುತ್ತಾ ಹೋದ. ರಾಶಿ ಬೆಳೆದು ಕಿಟಕಿಯನ್ನೇ ಮುಚ್ಚಿತು.

ಯಂತ್ರ ನಿಂತ ಮೇಲೆ ಮೂಲೆಯಲ್ಲಿ ನೀಲಿ ಪಟ್ಟೆಯ ಖಾಲಿ ಗವಸೊಂದು ಕಂಡಿತು. ಟೀಚರಮ್ಮನದು.

ಅದರ ಹತ್ತಿಯೂ ಆ ರಾಶಿಯಲ್ಲಿ ಬೆರೆತುಹೋಗಿತ್ತು. ಅದೇ ಸೋಂಕಿನಲ್ಲಿ ಗಂಡನನ್ನು ಕಳೆದುಕೊಂಡ ಟೀಚರಮ್ಮ, ಆತ ಮಲಗುತ್ತಿದ್ದ ಹಾಸಿಗೆಯನ್ನು ವಾರದ ಹಿಂದೆ ತಂದು, "ಅವರ ಹತ್ತೀನೇ ವಾಪಸ್ ಬರಬೇಕಪ್ಪ. ನಾನು ಅದರ ಮೇಲೇ ಮಲಗೋದು" ಎಂದಿದ್ದರು. ಹೇಳುವ ಅಗತ್ಯವೇ ಇರಲಿಲ್ಲ. ಒಂದು ಮನೆಯ ಹತ್ತಿ ಇನ್ನೊಂದು ಮನೆಗೆ ಬೆರೆಯಬಾರದು ಎಂಬುದು ಅವನ ಅಜ್ಜನ ಕಾಲದ ನೇಮ.

"ಹತ್ತಿ ಮೇಲೆ ಹೆಸರು ಬರೆದಿರುತ್ತಾ?" ಎಂದಳು ಹೆಂಡತಿ. "ಅಷ್ಟೇ ತೂಕ ತುಂಬಿ ಹೊಲಿದುಬಿಡಿ. ಈ ಮಾತು ಬೀದಿಗೆ ಬಿದ್ರೆ ನಮಗೆ ಇನ್ಯಾರು ಕೆಲಸ ಕೊಡ್ತಾರೆ?"

ಅವಳು ಹೇಳಿದ್ದು ಸುಳ್ಳಲ್ಲ. ಅವನು ಗವಸು ತುಂಬಿದ, ಸೂಜಿಗೆ ದಾರವನ್ನೂ ಪೋಣಿಸಿದ. ಆದರೆ ಟೀಚರಮ್ಮ ಯಾರದೋ ಹತ್ತಿಯನ್ನು ತಬ್ಬಿಕೊಂಡು ಗಂಡನೊಡನೆ ಮಾತಾಡುವುದು ಕಣ್ಣಿಗೆ ಕಟ್ಟಿತು. ಸೂಜಿ ಕೆಳಗಿಟ್ಟು, ಹೋಗಿ ಅವರನ್ನು ಕರೆತಂದು, ರಾಶಿಯ ಮುಂದೆ ನಿಲ್ಲಿಸಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ.

ಟೀಚರಮ್ಮ ರಾಶಿಯೊಳಗೆ ಮೊಣಕೈವರೆಗೆ ತೋಳು ತೂರಿಸಿ, ಏನನ್ನೋ ತಡಕುತ್ತಾ ಬಹಳ ಹೊತ್ತು ನಿಂತರು. ಅವನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

"ಎಷ್ಟು ಹಾಸಿಗೆ ಆಗುತ್ತೆ ಇದು?"

"ಮೂವತ್ತು, ಅಮ್ಮ."

"ಅವರ ಗೊರಕೆಗೆ ಇಷ್ಟು ವರ್ಷ ನಾನೊಬ್ಬಳೇ ನಿದ್ದೆಗೆಟ್ಟೆ. ಇನ್ನು ಮೂವತ್ತು ಜನ ಹಂಚ್ಕೊಳ್ಳಲಿ" ಎಂದು ನಕ್ಕರು. ನಗುನಗುತ್ತಲೇ ಅತ್ತರು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ಮೂವತ್ತು ಕಡೆಯಿಂದ ಮೂವತ್ತು ಹಿಡಿ ತೆಗೆದು ನನಗೊಂದು ದಿಂಬು ಮಾಡಿಕೊಡು. ಎಲ್ಲೋ ಒಂದು ಹಿಡೀಲಿ ಸಿಕ್ತಾರೆ" ಎಂದರು.

ಅವನು ಮೇಲೆ, ಕೆಳಗೆ, ನಡುವೆ ಕೈ ಹಾಕಿ ಹಿಡಿ ಹಿಡಿಯಾಗಿ ತೆಗೆದ. ಸುಳ್ಳು ಹೇಳು ಎಂದಿದ್ದ ಹೆಂಡತಿಯೇ ನೀಲಿ ಪಟ್ಟೆಯ ಗವಸನ್ನು ಬರಿದು ಮಾಡಿ ಕತ್ತರಿಸಿ, ತಲೆ ಎತ್ತದೆ, ಎರಡೆರಡು ಸಲ ಹೊಲಿದಳು.

ಒಮ್ಮೆ ನೋಡುತ್ತೇನೆಂದು ಟೀಚರಮ್ಮ ಅಲ್ಲೇ ಚಾಪೆಯ ಮೇಲೆ ದಿಂಬಿಗೆ ತಲೆ ಕೊಟ್ಟರು. ತಲೆಗೂದಲ ಮೇಲೆ ಒಂದೊಂದೇ ಎಳೆ ಬಂದು ಕೂತಿತು. ನೋಡುನೋಡುತ್ತಿದ್ದಂತೆ ಸಣ್ಣಗೆ ಗೊರಕೆ ಹೊಡೆಯತೊಡಗಿದರು. ಇನ್ನೂ ಹಿಂಜಬೇಕಾದ ಬೇರೆಯವರ ಹತ್ತಿ ಬಾಗಿಲ ತುಂಬ ಬಿದ್ದಿತ್ತು. ಅವರು ತಾವಾಗಿ ಏಳುವವರೆಗೂ ಅವನು ಯಂತ್ರ ಮುಟ್ಟಲಿಲ್ಲ.