ಏಳನೇ ಯಂತ್ರದ ಬಣ್ಣ

ಆ ಚಿಪ್ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ‘ನಾಡಿ ಅಕ್ಕ’ ಎಂದೇ ಕರೆಯುತ್ತಿದ್ದರು. ಪಂಪಿನ ಮೇಲೆ ಅಂಗೈಯಿಟ್ಟು, ಕಣ್ಣು ಅರೆಮುಚ್ಚಿ, ನಾಡಿ ಹಿಡಿದ ವೈದ್ಯರ ಹಾಗೆ ನಿಲ್ಲುವುದು ಅವಳ ಅಭ್ಯಾಸ. ಹಾಗೆ ನಿಂತು “ಇದರ ಬೇರಿಂಗ್ ಇನ್ನು ಹತ್ತು ದಿನ” ಎಂದರೆ ಹತ್ತೇ ದಿನ. ಆ ಮಾತನ್ನು ಕಿವಿಗೆ ಹಾಕಿಕೊಳ್ಳದವರು ಹನ್ನೊಂದನೆಯ ದಿನ ತಲೆ ಮೇಲೆ ಕೈಹೊತ್ತು ಕೂತದ್ದುಂಟು.

ಹತ್ತೊಂಬತ್ತು ವರ್ಷದಿಂದ ಎಚ್ಚಿಂಗ್, ಅಂದರೆ ಕೆತ್ತನೆ, ವಿಭಾಗದ ಯಂತ್ರಗಳ ದುರಸ್ತಿ ಅವಳದು. ಊಟದ ತಟ್ಟೆಯಷ್ಟು ಅಗಲದ, ಕನ್ನಡಿಯಂತೆ ಹೊಳೆಯುವ ಸಿಲಿಕಾನ್ ವೇಫರ್‌ಗಳನ್ನು ಆ ಯಂತ್ರಗಳು ಗಾಳಿಯಿಲ್ಲದ ಕೋಣೆಯೊಳಗೆ ಎಳೆದುಕೊಳ್ಳುತ್ತಿದ್ದವು. ಒಳಗೆ ಅನಿಲ ಬಿಟ್ಟು ವಿದ್ಯುತ್ ಹಾಯಿಸಿದರೆ ಅದು ಪ್ಲಾಸ್ಮಾ ಆಗಿ ಬೆಳಗುತ್ತಿತ್ತು. ಹಾಗೆ ಬೆಳಗುವ ಅನಿಲವೇ ಉಳಿಯಾಗಿ ಕೂದಲೆಳೆಗಿಂತ ಎಷ್ಟೋ ಪಾಲು ಸಣ್ಣ ಗೆರೆಗಳನ್ನು ಕೆತ್ತುತ್ತಿತ್ತು. ಅಂಥ ಯಂತ್ರ ಹದಿನೆಂಟು. ಹದಿನೆಂಟರ ಹಟ, ಹುಳುಕು, ಮುನಿಸು ಎಲ್ಲ ಅವಳಿಗೆ ಬಾಯಿಪಾಠ.

ಎರಡು ವರ್ಷದ ಹಿಂದೆ ಯಂತ್ರ ತಯಾರಿಸಿದ ಕಂಪನಿ ಹೊಸ ಏರ್ಪಾಟು ಮಾಡಿತು. ಪ್ರತಿ ಯಂತ್ರದ ಒತ್ತಡ, ತಾಪ, ವಾಲ್ವು ಎಷ್ಟು ತೆರೆದಿದೆ ಎಂಬ ಲೆಕ್ಕ, ಎಲ್ಲವೂ ಕ್ಷಣಕ್ಷಣಕ್ಕೂ ತಂತಿ ಹಿಡಿದು ಬೇರೊಂದು ಊರಿಗೆ ಹೋಗತೊಡಗಿದವು. ರೈಲಿನಲ್ಲಿ ಆರು ಗಂಟೆ ದೂರದ ಆ ಊರಿನ ಒಂದು ಕೊಠಡಿಯಲ್ಲಿ ಕೂತವರು ಪರದೆ ನೋಡಿಯೇ ಯಾವ ಯಂತ್ರಕ್ಕೆ ಏನು ಕಾಯಿಲೆ ಎಂದು ಹೇಳುತ್ತಿದ್ದರು. ದುರಸ್ತಿಯವರು ಆ ಕೊಠಡಿಗೆ ‘ಅತ್ತೆಮನೆ’ ಎಂದು ಹೆಸರಿಟ್ಟರು. ಅಲ್ಲಿಂದ ಒಳ್ಳೆಯ ಮಾತು ಒಂದೂ ಬರುವುದಿಲ್ಲ, ಆದರೆ ಇಲ್ಲಿ ಲೋಟ ಸರಿಸಿದರೂ ಅಲ್ಲಿಗೆ ಗೊತ್ತಾಗುತ್ತದೆ ಎಂಬುದು ಅದರ ಅರ್ಥ.

ಆ ಅತ್ತೆಮನೆಯಲ್ಲೇ ಅವಳ ಒಡಹುಟ್ಟಿದ ತಂಗಿಗೆ ಕೆಲಸ.

ತಂಗಿ ಅವಳಿಗಿಂತ ಒಂಬತ್ತು ವರ್ಷ ಚಿಕ್ಕವಳು, ಇಂಜಿನಿಯರಿಂಗ್ ಓದಿದವಳು. ಏರ್ಪಾಟು ಶುರುವಾಗುವ ಮುಂಚೆ, ಹಳೆಯ ಕೆಡುಕುಗಳ ಚರಿತ್ರೆಯನ್ನೆಲ್ಲ ಕಂಪ್ಯೂಟರಿಗೆ ಕಲಿಸಬೇಕಾಗಿತ್ತು. ಅದಕ್ಕಾಗಿ ಕಂಪನಿ ಅವಳನ್ನೇ ಕಳಿಸಿತು. ಮೂರು ತಿಂಗಳು ಅಕ್ಕನ ಮನೆಯಲ್ಲೇ ಉಳಿದಳು. ಅಮ್ಮನಿಗೆ ಇಬ್ಬರು ಮಕ್ಕಳೂ ಒಂದೇ ಸೂರಿನಡಿ ಸಿಕ್ಕ ಖುಷಿ. ದಿನಾ ಸಂಜೆ ಅಡುಗೆಮನೆಯ ಮೇಜಿನ ಮೇಲೆ ಅಕ್ಕನ ಹನ್ನೊಂದು ನೋಟುಪುಸ್ತಕ ಹರಡಿಕೊಂಡು ಇಬ್ಬರೂ ಕೂರುತ್ತಿದ್ದರು.

“ಸದ್ದು, ವಾಸನೆ ಎಲ್ಲ ಆಮೇಲೆ,” ಎಂದು ಅಕ್ಕ ಹೇಳಿದ್ದಳು. “ಮೊದ್ಲು ಕಿಟಕಿಯಲ್ಲಿ ಬಣ್ಣ ನೋಡ್ಬೇಕು. ನೀಲಿ ಇರೋದು ಗುಲಾಬಿಗೆ ತಿರುಗ್ತಿದ್ರೆ ಎಲ್ಲೋ ಗಾಳಿ ಸೋರ್ತಿದೆ ಅಂತ. ಮೀಟರು ಸುಳ್ಳು ಹೇಳಬಹುದು, ಬಣ್ಣ ಹೇಳಲ್ಲ.”

“ಬಣ್ಣ ನೋಡೋ ಸೆನ್ಸರ್ ಇದರಲ್ಲಿ ಇಲ್ವಲ್ಲ ಅಕ್ಕ.”

“ಅದಕ್ಕೇ ನಾನಿದೀನಲ್ಲ.”

ತಂಗಿ ನಕ್ಕು ಅದನ್ನೂ ಬರೆದುಕೊಂಡಿದ್ದಳು. ಬಚ್ಚಿಡದೆ, ಒಂದು ಎಳೆಯನ್ನೂ ಉಳಿಸಿಕೊಳ್ಳದೆ ಅಕ್ಕ ತನಗೆ ಗೊತ್ತಿದ್ದುದನ್ನೆಲ್ಲ ಸುರಿದಳು.

ಏರ್ಪಾಟಿನ ಉದ್ಘಾಟನೆಯ ದಿನ ದೊಡ್ಡ ಸಭಾಂಗಣದಲ್ಲಿ ಹಿಂದಿನ ಸಾಲಿನಲ್ಲಿ ಅವಳು ಕೂತಿದ್ದಳು. ಪರದೆಯ ಮೇಲೆ ಎರಡು ಹೆಸರು ಬಂದವು: ತಂಗಿಯದು, ತಂಗಿಯ ಮೇಲಧಿಕಾರಿಯದು. ಜ್ಞಾನದ ಮೂಲ ಎಂಬಲ್ಲಿ ‘ಹಳೆಯ ದಾಖಲೆಗಳು’ ಎಂದಷ್ಟೇ ಇತ್ತು. ಪಕ್ಕದಲ್ಲಿದ್ದ ಸಹೋದ್ಯೋಗಿ ಮೊಣಕೈಯಿಂದ ತಿವಿದು, “ಹಳೇ ದಾಖಲೆ ಅಂದ್ರೆ ನೀವೇ ಕಣಕ್ಕ” ಎಂದ. ಅವಳೂ ನಕ್ಕಳು. ತನ್ನ ಹೆಸರು ಯಾಕಿಲ್ಲ ಎಂದು ತಂಗಿಯನ್ನು ಕೇಳಲು ಮನಸ್ಸಾಗಲಿಲ್ಲ. ಕೇಳಿ ಪಡೆಯುವ ಹೆಸರು ಯಾರಿಗೆ ಬೇಕು ಎಂಬ ಬಿಗುಮಾನ.

ಆರು ತಿಂಗಳಲ್ಲಿ ದುರಸ್ತಿಯ ಆರು ಮಂದಿಯಲ್ಲಿ ನಾಲ್ವರನ್ನು ಬೇರೆ ಬೇರೆ ಕಡೆ ಹಂಚಿದರು. ಕೊಠಡಿಯ ಅಪ್ಪಣೆಯಿಲ್ಲದೆ ಯಂತ್ರ ನಿಲ್ಲಿಸಬಾರದು ಎಂಬ ನಿಯಮ ಬಂತು. ಒಮ್ಮೆ ಹನ್ನೆರಡನೇ ಯಂತ್ರದ ಪಂಪಿನ ನಡುಕ ಅವಳಿಗೆ ಸರಿಕಾಣಲಿಲ್ಲ. ಹಳೆಯ ರೂಢಿಯಂತೆ ನಿಲ್ಲಿಸಿ ಬಿಚ್ಚಿದಳು. ಅರ್ಧ ದಿನ ಹುಡುಕಿದರೂ ಏನೂ ಸಿಗಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಅವಳ ಕೈಗೆ ಮೆಮೊ ಬಂತು. ಜೊತೆಗೆ ಕೊಠಡಿಯ ಟಿಪ್ಪಣಿ: ‘ವೈಯಕ್ತಿಕ ಊಹೆಯ ಮೇಲೆ ನಿಲ್ಲಿಸಲಾಗಿದೆ. ದತ್ತಾಂಶದಲ್ಲಿ ಇದಕ್ಕೆ ಆಧಾರವಿಲ್ಲ.’ ಕೆಳಗೆ ತಂಗಿಯ ಸಹಿ.

ಆ ಕಾಗದವನ್ನು ಅವಳು ಅಮ್ಮನಿಗೆ ತೋರಿಸಲಿಲ್ಲ. ಭಾನುವಾರ ತಂಗಿ ಫೋನ್ ಮಾಡಿದಾಗ ಅಮ್ಮನ ಕೈಗೆ ಕೊಟ್ಟು ಬಟ್ಟೆ ಒಣಹಾಕಲು ಹೋದಳು. ಮುಂದಿನ ಭಾನುವಾರವೂ ಹಾಗೆಯೇ. ಆಮೇಲೆ ಅದೇ ಅಭ್ಯಾಸವಾಯಿತು.

ಹೀಗಿರುವಾಗ ಒಂದು ಮಂಗಳವಾರ ಬೆಳಿಗ್ಗೆ, ತಲೆಯಿಂದ ಕಾಲಿನವರೆಗೆ ಬಿಳಿಯ ನಿಲುವಂಗಿ ತೊಟ್ಟು ಸುತ್ತು ಹೊಡೆಯುತ್ತಿದ್ದವಳು ಏಳನೇ ಯಂತ್ರದ ಮುಂದೆ ನಿಂತಳು. ಅಂಗೈಯಗಲದ ಗಾಜಿನ ಕಿಟಕಿಯಲ್ಲಿ ಇಣುಕಿದಳು. ನೀಲಿಯ ಅಂಚಿನಲ್ಲಿ ಗುಲಾಬಿ ಇತ್ತು. ತೀರಾ ತೆಳು, ಬೇರೆ ಯಾರ ಕಣ್ಣಿಗೂ ಬೀಳುವಂಥದ್ದಲ್ಲ. ವಾಲ್ವಿನ ಅಂಕಿ ನೋಡಿದಳು. ಮೂವತ್ತೊಂದು ಇರಬೇಕಾದದ್ದು ಮೂವತ್ತಾರು. ಬಾಗಿಲಿನ ರಬ್ಬರ್ ರಿಂಗ್ ಸವೆದು ಹೊರಗಿನ ಗಾಳಿ ಒಳಗೆ ನುಸುಳುತ್ತಿದೆ. ಒತ್ತಡ ಏರದಂತೆ ವಾಲ್ವು ತಾನೇ ಇನ್ನಷ್ಟು ತೆರೆದುಕೊಂಡು ಸಂಭಾಳಿಸುತ್ತಿದೆ. ಹಾಗಾಗಿ ಒತ್ತಡದ ಗೆರೆ ನೆಟ್ಟಗೇ ಇರುತ್ತದೆ. ಆದರೆ ಕೆತ್ತನೆ ಕೆಡುತ್ತದೆ. ಎಲ್ಲ ಅವಳಿಗೆ ಒಂದೇ ನೋಟಕ್ಕೆ ತಿಳಿಯಿತು.

ಯಂತ್ರದ ನೆತ್ತಿಯ ಮೇಲೆ ಹಸಿರು ದೀಪ ಉರಿಯುತ್ತಿತ್ತು. ಕೊಠಡಿಯಿಂದ ಸೊಲ್ಲಿಲ್ಲ. ವಾಲ್ವು ಮೂವತ್ನಾಲ್ಕು ದಾಟಿದರೆ ಅಲ್ಲಿ ಗಂಟೆ ಬಾರಿಸಬೇಕು ಎಂದು ಅಡುಗೆಮನೆಯ ಮೇಜಿನಲ್ಲಿ ಬರೆಸಿದವಳು ಅವಳೇ. ಬಾರಿಸುತ್ತಿಲ್ಲ ಎಂದರೆ ಯಾರೋ ಮಿತಿ ಸಡಿಲ ಮಾಡಿದ್ದಾರೆ.

ಗೋಡೆಯ ಫೋನು ನಾಲ್ಕು ಹೆಜ್ಜೆ ದೂರ. ಅವಳು ಅದನ್ನೊಮ್ಮೆ ನೋಡಿದಳು. ‘ವೈಯಕ್ತಿಕ ಊಹೆ’ ಎಂಬ ಎರಡು ಪದ ಕಣ್ಣಿಗೆ ಕಟ್ಟಿದವು. ನೋಡಿಕೊಳ್ಳಲಿ, ಅಷ್ಟು ದೂರದಿಂದ ಎಲ್ಲ ಕಾಣುತ್ತದಂತಲ್ಲ, ಇದನ್ನೂ ಕಾಣಲಿ ಎಂದುಕೊಂಡಳು. ಸುತ್ತಿನ ಪಟ್ಟಿಯಲ್ಲಿ ‘ಅಸಹಜ’ ಎಂಬ ಕಾಲಂ ಎದುರು ‘ಏನಿಲ್ಲ’ ಎಂದು ಬರೆದು, ನಿಲುವಂಗಿ ಕಳಚಿಟ್ಟು ಚಹಾಕ್ಕೆ ಹೋದಳು. ಚಹಾ ರುಚಿಯಾಗಿಯೇ ಇತ್ತು. ಅದು ಆಮೇಲೆ ಅವಳನ್ನು ಬಹಳ ದಿನ ಕಾಡಿತು.

ಬುಧವಾರ ಗುಲಾಬಿ ಇನ್ನಷ್ಟು ಗಾಢವಾಗಿತ್ತು. ಪಟ್ಟಿಯಲ್ಲಿ ಮತ್ತೆ ‘ಏನಿಲ್ಲ’. ಗುರುವಾರ ಫೋನಿನ ಬಳಿ ಹೋಗಿ ರಿಸೀವರ್ ಎತ್ತಿದಳು. ಎರಡು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಏನು ಉತ್ತರ ಕೊಡುವುದು? ಕೆಳಗಿಟ್ಟಳು. ಮೊದಲ ದಿನ ಹಟಕ್ಕೆ ಮುಚ್ಚಿದ ಬಾಯಿಯನ್ನು ಮೂರನೆಯ ದಿನ ಹೆದರಿಕೆ ಮುಚ್ಚಿಸಿತು.

ಶುಕ್ರವಾರ ಪರೀಕ್ಷಾ ವಿಭಾಗದವರು ಓಡಿಬಂದರು. ಏಳನೇ ಯಂತ್ರದಿಂದ ಹೊರಬಂದ ಎಂಟುನೂರಕ್ಕೂ ಹೆಚ್ಚು ವೇಫರ್ ಕಸದ ಬುಟ್ಟಿಗೆ.

ವಿಚಾರಣೆ ಮರುವಾರ ನಡೆಯಿತು. ಈ ಕಡೆ ವಿಭಾಗದ ಮುಖ್ಯಸ್ಥರು ಮತ್ತು ಅವಳು. ಗೋಡೆಯ ಪರದೆಯಲ್ಲಿ ಆ ಕಡೆಯ ಮೇಲಧಿಕಾರಿ ಮತ್ತು ತಂಗಿ. ವಾಲ್ವಿನ ಮಿತಿಯನ್ನು ಮೂವತ್ನಾಲ್ಕರಿಂದ ನಲವತ್ತೈದಕ್ಕೆ ಏರಿಸಿದವಳು ತಂಗಿಯೇ ಎಂದು ದಾಖಲೆ ಹೇಳಿತು.

“ಪ್ರತಿ ಸಲ ಯಂತ್ರ ತೊಳೆದ ಮೇಲೆ ಸುಳ್ಳು ಗಂಟೆ ಬಾರಿಸ್ತಿತ್ತು,” ಎಂದಳು ತಂಗಿ. “ಸುಳ್ಳು ಗಂಟೆ ಅರ್ಧಕ್ಕಿಳಿಸಿ ಅಂತ ನಮಗೆ ಹೇಳಿದ್ರು.”

“ಯಾರು ಹೇಳಿದ್ದು? ಬರಹದಲ್ಲಿ ಇದೆಯಾ?” ಮುಖ್ಯಸ್ಥರು ಕೇಳಿದರು.

ತಂಗಿ ಪಕ್ಕದಲ್ಲಿದ್ದ ಮೇಲಧಿಕಾರಿಯತ್ತ ನೋಡಿದಳು. ಅವನು ಪೆನ್ನಿನ ಮುಚ್ಚಳ ಹಾಕುವುದರಲ್ಲಿ ಮಗ್ನನಾಗಿದ್ದ.

“ಬರಹದಲ್ಲಿಲ್ಲ,” ಎಂದಳು. ಪರದೆಯೊಳಗಿಂದ ನೇರವಾಗಿ ಅಕ್ಕನ ಕಡೆ ತಿರುಗಿ ಕೇಳಿದಳು: “ಆ ಮೂರು ದಿನ ಕಿಟಕಿಯಲ್ಲಿ ಬಣ್ಣ ನೋಡಿದ್ರಾ?”

ಮುಖ್ಯಸ್ಥರೂ ಪರದೆಯಲ್ಲಿದ್ದ ಮೇಲಧಿಕಾರಿಯೂ ಅವಳತ್ತ ನೋಡಿದರು.

“ನೋಡಿದ್ದೆ,” ಎಂದಳು ಅಕ್ಕ. “ವ್ಯತ್ಯಾಸ ಕಾಣಿಸ್ಲಿಲ್ಲ.”

ತಂಗಿಯ ಮುಖದಲ್ಲಿ ಕೋಪ ಬರುತ್ತದೆಂದು ಅವಳು ಕಾದಿದ್ದಳು. ಬರಲಿಲ್ಲ. ಚಿಕ್ಕಂದಿನಲ್ಲಿ ಜಾತ್ರೆಯಂಥ ಜನಜಂಗುಳಿಯಲ್ಲಿ ಅಕ್ಕನ ಕೈ ಬಿಟ್ಟುಹೋದಾಗ ಹೇಗೆ ನೋಡುತ್ತಿದ್ದಳೋ ಹಾಗೆ ನೋಡಿದಳು, ಅಷ್ಟೆ. ಆಮೇಲೆ ತಲೆ ತಗ್ಗಿಸಿ, “ಸರಿ. ನನ್ನ ಪ್ರಶ್ನೆ ಮುಗೀತು” ಎಂದಳು.

ಹದಿನೈದು ದಿನದಲ್ಲಿ ತಂಗಿಯ ಕೆಲಸ ಹೋಯಿತು. ಸುದ್ದಿ ಕೇಳಿದ ಅಮ್ಮ ಹಾಸಿಗೆಯ ಅಂಚಿನಲ್ಲಿ ಕೂತು, “ಅದೇ ಯಂತ್ರದ ಪಕ್ಕದಲ್ಲೇ ಇರ್ತೀಯಲ್ಲೇ. ಹೀಗಾಗ್ತಿದೆ ಕಣೇ ಅಂತ ಅವಳಿಗೊಂದು ಮಾತು ಮೊದ್ಲೇ ಹೇಳ್ಬಾರ್ದಿತ್ತಾ?” ಎಂದಳು. ಅಮ್ಮನಿಗೆ ಏನೂ ಗೊತ್ತಿರಲಿಲ್ಲ. ಗೊತ್ತಿದ್ದು ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಅಂದಿನಿಂದ ಅವಳಿಗೆ ಅನ್ನ ಸೇರಲಿಲ್ಲ. ಒಂದು ವಾರ ತಡೆದುಕೊಂಡು, ಕೊನೆಗೆ ಮುಖ್ಯಸ್ಥರ ಕೋಣೆಗೆ ಹೋಗಿ ಬಾಗಿಲು ಮುಚ್ಚಿ ನಿಂತಳು.

“ಸಾರ್, ನಾನು ಸುಳ್ಳು ಹೇಳಿದ್ದೆ. ಮೊದಲ್ನೇ ದಿನಾನೇ ಗುಲಾಬಿ ಕಂಡಿತ್ತು. ಬೇಕಂತಾನೇ ಹೇಳ್ಲಿಲ್ಲ.”

ಮುಖ್ಯಸ್ಥರು ಕನ್ನಡಕ ತೆಗೆದು ಒರೆಸಿದರು. “ಕೂತ್ಕೊಳ್ಳಿ.”

“ನಿಂತೇ ಇರ್ತೀನಿ. ಏನು ಶಿಕ್ಷೆ ಕೊಡ್ತೀರೋ ಕೊಡಿ. ಅವಳ ಕೆಲಸ ವಾಪಸ್ ಕೊಡ್ಸಿ.”

“ಅವಳು ನಮ್ಮ ಕಂಪನಿಯವಳಲ್ಲ ನಾಡಿ ಅಕ್ಕ. ಇನ್ನು ಈ ವರದಿ... ತಪ್ಪು ಅವರ ಕಡೇದು ಅಂತ ಆಗಿ, ಅವರೂ ಒಪ್ಪಿಕೊಂಡು, ಫೈಲು ಮುಚ್ಚಿ ಆಯ್ತು. ಈಗ ನೀವು ಹೀಗಂದ್ರೆ ತಪ್ಪು ನಮ್ಮ ಕಡೆಗೆ ಬರತ್ತೆ. ನಾನೂ ಉತ್ತರ ಕೊಡ್ಬೇಕಾಗತ್ತೆ.” ಕನ್ನಡಕ ಮತ್ತೆ ಏರಿಸಿಕೊಂಡರು. “ನೀವು ಹೇಳಿದ್ದು ನನ್ನ ಕಿವಿಗೆ ಬಿದ್ದಿಲ್ಲ. ಎರಡು ದಿನ ರಜಾ ಹಾಕಿ, ನಿದ್ದೆ ಮಾಡಿ.”

ಅವಳು ರಜೆ ಹಾಕಿದಳು. ನಿದ್ದೆ ಮಾಡಲಿಲ್ಲ, ಬೆಳಗಿನ ರೈಲು ಹತ್ತಿದಳು.

ತಂಗಿಯ ಬಾಡಿಗೆ ಮನೆ ಮೂರನೆಯ ಮಹಡಿಯಲ್ಲಿ. ಬಾಗಿಲು ತೆರೆದ ತಂಗಿ ಒಂದು ಕ್ಷಣ ನಿಂತು, ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಒಳಗೆ ಅರ್ಧ ಕಟ್ಟಿದ ರಟ್ಟಿನ ಪೆಟ್ಟಿಗೆಗಳು.

“ಮನೆ ಖಾಲಿ ಮಾಡ್ತಿದೀಯಾ?”

“ಬೇರೆ ಕಡೆ ಪಾಠ ಹೇಳೋ ಕೆಲಸ ಸಿಕ್ಕಿದೆ. ಕೂತ್ಕೊಳ್ಳಿ.”

ಕೂತ್ಕೊಳ್ಳಿ ಎಂಬ ಮಾತು ಅವಳಿಗೆ ಮೊದಲು ಅರ್ಥವೇ ಆಗಲಿಲ್ಲ. ಬೇರೆ ಯಾರಾದರೂ ಜೊತೆಗೆ ಬಂದಿದ್ದಾರೇನೋ ಎಂದು ಹಿಂದೆ ತಿರುಗಿ ನೋಡಿದಳು. ವಿಚಾರಣೆಯಲ್ಲಿ ಅಧಿಕಾರಿಗಳ ಎದುರು ಆಡಿದ್ದನ್ನು ಬಿಟ್ಟರೆ, ಮಾತು ಬಂದ ದಿನದಿಂದ ತಂಗಿ ಅವಳನ್ನು ‘ನೀನು’ ಎಂದೇ ಕರೆದವಳು.

“ನಾನು ಮುಖ್ಯಸ್ಥರ ಹತ್ರ ಒಪ್ಕೊಂಡೆ ಕಣೇ,” ಎಂದಳು. “ಅವ್ರು ಕೇಳಿಸ್ಕೊಳ್ಳಲಿಲ್ಲ. ನಿಮ್ಮ ಕಂಪನಿಗೆ ಬೇಕಾದ್ರೆ ನಾನೇ ಬಂದು ಹೇಳ್ತೀನಿ. ಆ ಪರದೆ ಮೇಲೆ ನನ್ನ ಹೆಸರು ಇರ್ಲಿಲ್ಲ ಅಂತ... ಆಮೇಲೆ ಆ ಮೆಮೊ... ಹೊಟ್ಟೆಯೊಳಗೇ ಇಟ್ಕೊಂಡಿದ್ದೆ.”

“ನಿಮ್ಮ ಹೆಸರು ಮೊದಲ್ನೇದಾಗಿ ಹಾಕಿದ್ದೆ. ಹೊರಗಿನವರ ಹೆಸರು ಬೇಡ ಅಂತ ತೆಗೆದವನು ನನ್ನ ಮೇಲಧಿಕಾರಿ. ನಾನು ಜಗಳ ಆಡ್ಬೇಕಿತ್ತು, ಆಡ್ಲಿಲ್ಲ.” ತಂಗಿ ಪೆಟ್ಟಿಗೆಗೆ ಟೇಪು ಅಂಟಿಸುತ್ತಲೇ ಹೇಳಿದಳು. “ಮೆಮೊ ಟಿಪ್ಪಣಿ ಬರೆದಿದ್ದು ಮಾತ್ರ ನಾನೇ. ಯಾರೂ ಬಲವಂತ ಮಾಡ್ಲಿಲ್ಲ. ಅಕ್ಕ ಅಂತ ಬಿಟ್ಟಳು ಅನ್ನಿಸ್ಕೋಬಾರ್ದು ಅಂತ ಬರೆದೆ. ಮಿತಿ ಏರಿಸಿದ್ದೂ ನಾನೇ. ನನ್ನ ಪಾಲಿನ ತಪ್ಪು ನನಗೆ ಗೊತ್ತು.”

“ಮತ್ಯಾಕೆ ವಿಚಾರಣೆಯಲ್ಲಿ ಬಾಯಿ ಬಿಡ್ಲಿಲ್ಲ? ನಾನು ಸುಳ್ಳು ಹೇಳ್ತಿದೀನಿ ಅಂತ ನಿಂಗೆ ಗೊತ್ತಿತ್ತು.”

ಟೇಪಿನ ಸದ್ದು ನಿಂತಿತು. “ಮಿತಿ ಏರಿಸುವಾಗ ನಂಗೆ ಒಂದು ಧೈರ್ಯ ಇತ್ತು,” ಎಂದಳು ತಂಗಿ. “ಗಂಟೆ ಬಾರಿಸದಿದ್ರೂ ಅಲ್ಲಿ ಅಕ್ಕ ಇದಾಳೆ, ದಿನಾ ಬಣ್ಣ ನೋಡ್ತಾಳೆ ಅಂತ. ಅದನ್ನ ಅವರೆದುರಿಗೆ ಹೇಗೆ ಹೇಳ್ಲಿ? ದತ್ತಾಂಶದಲ್ಲಿ ಅದಕ್ಕೆ ಆಧಾರ ಇಲ್ಲ.”

ಅಕ್ಕನ ಕಣ್ಣು ತುಂಬಿತು. ತಂಗಿ ಅದನ್ನು ನೋಡಿಯೂ ನೋಡದವಳಂತೆ ಎದ್ದು ಒಲೆಯತ್ತ ಹೋದಳು.

“ಆರು ಗಂಟೆ ಪ್ರಯಾಣ ಮಾಡಿದೀರಿ. ಊಟ ಮಾಡ್ಕೊಂಡು ಹೋಗಿ.”

ಅವಳು ಊಟ ಮಾಡಿದಳು. ತಂಗಿ ಎರಡು ಸಲ ಬಡಿಸಿದಳು, ಸಾಕಾ ಎಂದು ಕೇಳಿದಳು, ನೆಂಟರಿಗೆ ಕೇಳುವ ಹಾಗೆ. ಹೊರಡುವಾಗ ಮೆಟ್ಟಿಲವರೆಗೆ ಬಂದಳು. ಹೊಸ ಊರು ಯಾವುದೆಂದು ಅಕ್ಕ ಕೇಳಲಿಲ್ಲ, ತಂಗಿ ಹೇಳಲೂ ಇಲ್ಲ.

ಕಾರ್ಖಾನೆಯಲ್ಲಿ ಅಷ್ಟರಲ್ಲಿ ವರದಿಯ ಶಿಫಾರಸು ಜಾರಿಗೆ ಬಂದಿತ್ತು. ಮನುಷ್ಯರ ಕಣ್ಣನ್ನು ನೆಚ್ಚುವಂತಿಲ್ಲವಾದ್ದರಿಂದ ಹದಿನೆಂಟು ಯಂತ್ರದ ಕಿಟಕಿಗೂ ಒಂದೊಂದು ಕ್ಯಾಮೆರಾ. ಮೂರು ದಿನ ಕೂತು ಅವನ್ನೆಲ್ಲ ಕೂರಿಸಿದವಳು ಅವಳೇ. ಕೊನೆಯ ತಿರುಪು ಬಿಗಿದ ಮೇಲೆ ಅವಳ ಸುತ್ತಿನ ಪಟ್ಟಿಯಿಂದ ಏಳನೇ ಸಾಲನ್ನು, ಅಂದರೆ ‘ಬಣ್ಣ’ ಎಂಬುದನ್ನು, ಹೊಡೆದುಹಾಕಿದರು.

ಅಮ್ಮ ಮಾತ್ರ ಭಾನುವಾರವಾದರೆ ಫೋನಿನ ಪಕ್ಕದಲ್ಲಿ ಕೂರುತ್ತಾಳೆ. ತಂಗಿ ಮಾಡುತ್ತಾಳೆ, ಅಮ್ಮನ ಮೊಣಕಾಲು ನೋವು ವಿಚಾರಿಸುತ್ತಾಳೆ. “ಅಕ್ಕ ಇಲ್ಲೇ ಇದಾಳೆ, ಕೊಡ್ಲಾ?” ಎಂದು ಅಮ್ಮ ಕೇಳಿದಾಗಲೆಲ್ಲ ಆ ಕಡೆ ಏನೋ ಕೆಲಸ ಬಂದಿರುತ್ತದೆ. ಈಗ ಅವಳು ಬಟ್ಟೆ ಒಣಹಾಕಲು ಹೋಗುವುದಿಲ್ಲ. ಅಮ್ಮನೆದುರಿಗೇ ಕುರ್ಚಿ ಎಳೆದುಕೊಂಡು, ಫೋನು ಕೆಳಗಿಡುವವರೆಗೂ ಕೂತಿರುತ್ತಾಳೆ.