ಗುಡಿಕಟ್ಟೆಯ ಮೇಲೊಂದು ಢೋಲಕ್

ಸುಂದರಬಾಯಿ ರೊಟ್ಟಿ ಬಡಿಯುವಾಗ ಮಗ ಮಾರುತಿ ಆ ಸಪ್ಪಳಕ್ಕೆ ಸರಿಯಾಗಿ ತೊಡೆಯ ಮೇಲೆ ತಾಳ ಹಾಕುತ್ತಿದ್ದ. ಬೇರೆ ದಿನ ಆಕೆ ನಗುತ್ತಿದ್ದಳು. ಈ ದಿನ ಕೈ ತಡೆಯಿತು.

“ನಾಳಿ ಗುಡಿಕಟ್ಟಿ ಮ್ಯಾಲ ಕುಂತು ಬಾರಸ್ತೀನಿ ಯವ್ವಾ” ಎಂದಿದ್ದ ಇಪ್ಪತ್ತು ವರ್ಷದ ಮಗ.

ಹಂಚಿನ ಮೇಲಿನ ರೊಟ್ಟಿ ಕರಕಾದದ್ದೂ ಆಕೆಗೆ ತಿಳಿಯಲಿಲ್ಲ.

ಬಸವಕಲ್ಯಾಣದಿಂದ ಹುಮನಾಬಾದಿಗೆ ಹೋಗುವ ರಸ್ತೆಯಿಂದ ಎರಡು ಮೈಲಿ ಒಳಗೆ ಅವರ ಊರು. ಆಗ ೧೯೬೪ನೆಯ ಇಸವಿ. ಅಸ್ಪೃಶ್ಯತೆ ಅಪರಾಧವೆಂದು ಕಾಯಿದೆ ಬಂದು ಒಂಬತ್ತು ವರ್ಷ ಕಳೆದಿದ್ದರೂ ಊರಿನವರು ಅದನ್ನು ಕೇಳಿಯೇ ಇಲ್ಲವೆಂಬಂತೆ ಇದ್ದರು. ಊರಾಚೆಯ ಕೇರಿಯಲ್ಲಿದ್ದ ಇವರ ಜನ ಹಲಗೆ ಬಾರಿಸದೆ ಅಲ್ಲಿ ಮದುವೆ ನಡೆಯುತ್ತಿರಲಿಲ್ಲ, ಹೆಣ ಏಳುತ್ತಿರಲಿಲ್ಲ. ಆದರೆ ಬಾರಿಸುವವನು ಗುಡಿಯ ಕಟ್ಟೆ ಹತ್ತುವಂತಿರಲಿಲ್ಲ. ಹತ್ತು ವರ್ಷದ ಹಿಂದೆ ಸುಂದರಬಾಯಿಯ ಗಂಡ ಹಣಮಂತ, ಮಳೆಯಲ್ಲಿ ಹಲಗೆಯ ಚರ್ಮ ನೆನೆಯಬಾರದೆಂದು ಆ ಕಟ್ಟೆ ಹತ್ತಿ ನಿಂತಿದ್ದ. ಊರವರ ಬಡಿಗೆಯ ಏಟಿಗೆ ಮುರಿದ ಅವನ ಬಲಗೈ ಮತ್ತೆ ನೆಟ್ಟಗಾಗಲಿಲ್ಲ. ಮೂರು ವರ್ಷ ಎಡಗೈಯಿಂದ ಉಂಡು ಸತ್ತುಹೋದ.

ಬಸವಕಲ್ಯಾಣದಲ್ಲಿ ಖಮರುದ್ದೀನ್ ಮಾಸ್ತರರು ತಮ್ಮ ಪಡಸಾಲೆಯಲ್ಲಿ ಸಂಗೀತ ಕಲಿಸುತ್ತಿದ್ದರು. ಜಾತಿ ಕೇಳುವ ರೂಢಿ ಅವರಿಗಿರಲಿಲ್ಲ. ಎಲ್ಲರಿಗೂ ಒಂದೇ ಜಮಖಾನೆ, ಕುಡಿಯಲು ಒಂದೇ ಕೊಡದ ನೀರು. ಊರ ಪಾಟೀಲ ಕಾಶಿರಾಮರ ಮಗ ದಿಗಂಬರ ಅಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದ, ಬಳೆಗಾರರ ಮಹೆಬೂಬ ಹಾಡುತ್ತಿದ್ದ, ಮಾರುತಿಯದು ಢೋಲಕ್. ಮೂವರೂ ಹುಮನಾಬಾದಿನಲ್ಲಿ ಹಾಡಿ ಮೆಚ್ಚುಗೆ ಪಡೆದ ಸುದ್ದಿ ಕೇಳಿ, ಊರಿನ ತರುಣರು ಭಜನೆಯ ಸಪ್ತಾಹದ ಕೊನೆಯ ದಿನಕ್ಕೆ ಅವರನ್ನು ಕರೆದಿದ್ದರು.

ಆ ಮಧ್ಯಾಹ್ನ ಸುಂದರಬಾಯಿ ಪಾಟೀಲರ ಕೊಟ್ಟಿಗೆಯಲ್ಲಿ ಸಗಣಿ ಬಳಿಯುತ್ತಿದ್ದಾಗ ಪಾಟೀಲರ ಪಡಸಾಲೆಗೆ ಬಂದಿದ್ದ ಮಾಸ್ತರರ ಜೊತೆಗಿನ ಮಾತು ಕಿವಿಗೆ ಬಿತ್ತು.

“ಮಹೆಬೂಬ ಹಾಡ್ಲಿ, ನಾ ಬ್ಯಾಡ ಅನ್ನೂದಿಲ್ಲ. ಸುಂದರಿ ಮಗ ಕೆಳಗ ನಿಂತು ಬಾರಸ್ಲಿ” ಎಂದರು ಕಾಶಿರಾಮರು.

“ಕೆಳಗ ನಿಂತ್ರ ಇವರ ಸುರ ಅವಗ ಕೇಳೂದಿಲ್ಲ ಪಾಟೀಲ್ರ” ಎಂದರು ಮಾಸ್ತರರು. “ಒಬ್ರ ಉಸಿರು ಇನ್ನೊಬ್ರಿಗಿ ಕೇಳಬೇಕು. ಅಂದ್ರ ಗಾನಾ ಆಗ್ತದ.”

“ಹಿರ್ಯಾರು ಹಾಕಿದ ರಿವಾಜ ಅದ. ನಿಮ್ಮ ಗಾನಾದ ಸಲುವಾಗಿ ಮುರಿಯಾಕ ಬರೂದಿಲ್ಲ.”

“ಅವ ಹಲಗಿ ಬಾರಿಸಿದ್ರೇ ನಮ್ಮ ಮನ್ಯಾಗ ಮದವಿ ಆಗ್ತದ ಅಪ್ಪಾ” ಎಂದ ದಿಗಂಬರ. “ಬಾಜೂಕ ಕುಂತ್ರ ಹ್ಯಾಂಗ ಮೈಲಿಗಿ ಆಗ್ತದ?”

“ನೀ ಬಾಯಿ ಮುಚ್ಚು.”

ಸ್ವಲ್ಪ ಹೊತ್ತಿಗೆ ಕಾಶಿರಾಮರೇ ಕೊಟ್ಟಿಗೆಯ ಬಾಗಿಲಿಗೆ ಬಂದು ನಿಂತರು. ದನಿ ಏರಿಸಲಿಲ್ಲ.

“ಸುಂದರೀ, ಮಗಗ ಬುದ್ಧಿ ಹೇಳು. ಅವರಪ್ಪನ ಕೈ ನೆನಪದ ಅಲ್ಲಾ?”

ಆಕೆ ಸಗಣಿಯ ಬುಟ್ಟಿಯನ್ನು ಅಲ್ಲೇ ಬಿಟ್ಟು ಹೊರಟಳು. ಮನೆಗೆ ಬಂದವಳೇ ಮಗನ ಕಾಲು ಹಿಡಿದಳು.

“ಹೋಗಬ್ಯಾಡೋ ಮಗನ. ನಿಮ್ಮಪ್ಪನ್ನ ನೋಡೀನಿ, ನಿನ್ನ ಹಂಗ ನೋಡಾಕ ಆಗೂದಿಲ್ಲ.”

ಮಾರುತಿ ಆಕೆಯನ್ನು ಎಬ್ಬಿಸಿ ಕೂರಿಸಿದ. “ನನಗೂ ಅಂಜಿಕಿ ಅದ ಯವ್ವಾ. ಆದ್ರ ಮಾಸ್ತರ ಬಲ್ಲಿ ಜಮಖಾನಿ ಮ್ಯಾಲ ಕುಂತು ಬಂದೀನಿ. ಇನ್ನ ಕೆಳಗ ನಿಂತು ಬಾರಸಾಕ ಕೈ ಏಳೂದಿಲ್ಲ.”

ಮರುದಿನ ಬೆಳಿಗ್ಗೆ ಗುಡಿಯ ಮುಂದೆ ಜನ ಸೇರಿತ್ತು. ಸುಂದರಬಾಯಿ ದೂರದ ಬೇವಿನ ಮರದ ಬುಡದಲ್ಲಿ ಸೆರಗನ್ನು ಬಾಯಿಗೊತ್ತಿಕೊಂಡು ನಿಂತಳು. ಗೋಡೆಗೊರಗಿ ನಿಂತ ನಾಲ್ವರ ಕೈಯಲ್ಲಿ ಬಡಿಗೆಗಳಿದ್ದವು. ಮಾಸ್ತರರ ಹಿಂದೆ ಮಾರುತಿ ಒಂದೊಂದೇ ಮೆಟ್ಟಿಲು ಹತ್ತಿದ, ಗೆಳೆಯರ ನಡುವೆ ಕುಳಿತ. ಕಾಶಿರಾಮರು ಎದ್ದು ಕೈ ಎತ್ತಿದರು. ಮಾರುತಿಯನ್ನು ಅವರು ನೋಡಲೂ ಇಲ್ಲ.

“ಸುಂದರೀ, ನಿನ್ನ ಮಗನ್ನ ನೀನೇ ಕೆಳಗ ಕರಿ. ಇಳದ್ರ ಯಾರೂ ಕೈ ಹಚ್ಚೂದಿಲ್ಲ.”

ಇಡೀ ಜನ ಆಕೆಯತ್ತ ತಿರುಗಿತು. ಕರೆದರೆ ಮಗ ಇಳಿದು ಬರುತ್ತಾನೆ, ತಾಯಿಯ ಮಾತು ಮೀರುವವನಲ್ಲ. ಬಂದ ಮೇಲೆ ಅವನ ಮುಖ ಹೇಗಿದ್ದೀತು ಎಂಬುದು ಆಕೆಯ ಕಣ್ಣಿಗೆ ಕಟ್ಟಿತು.

“ಕರಿಯೂದಿಲ್ರಿ.”

“ಏನಂದಿ?”

“ಅಂಜಿಕಿ ಆಗಾಕತ್ತದ್ರಿ ಪಾಟೀಲ್ರ, ಜೀವ ಹೋದಂಗ ಆಗಾಕತ್ತದ. ಆದ್ರ ಕರಿಯೂದಿಲ್ರಿ. ಬಾರಸ್ಲಿ.”

ಬಡಿಗೆಯವರು ಮುಂದೆ ಬಂದರು. ದಿಗಂಬರ, ಮಹೆಬೂಬ ಇಬ್ಬರೂ ಎದ್ದು ಮಾರುತಿಗೆ ಅಡ್ಡವಾಗಿ ನಿಂತರು. ಬಡಿಗೆ ಎತ್ತಿದವನು ಪಾಟೀಲರ ಮಗನನ್ನು ಕಂಡು ಪಾಟೀಲರ ಮುಖ ನೋಡಿದ. ಹೊಡೆ ಎಂಬ ಮಾತು ಕಾಶಿರಾಮರಿಂದ ಹೊರಡಲಿಲ್ಲ. ಜೋಡು ಮೆಟ್ಟಿಕೊಂಡು ಹೊರಟುಹೋದರು. ಅರ್ಧ ಜನ ಅವರ ಬೆನ್ನು ಹತ್ತಿತು. ಉಳಿದವರ ಮುಂದೆ ಮೂವರೂ ಹೊತ್ತು ನೆತ್ತಿಗೇರುವ ತನಕ ಹಾಡಿದರು, ಬಾರಿಸಿದರು.

ಊರು ಸುಮ್ಮನಿರಲಿಲ್ಲ. ಸುಂದರಬಾಯಿಗೆ ಕೊಟ್ಟಿಗೆಯ ಕೆಲಸ, ಹೊಲದ ಕೆಲಸ ಎರಡೂ ತಪ್ಪಿದವು. ಬಾವಿಯ ಬಳಿ ಅರ್ಧ ದಿನ ಕಾದರೂ ಆಕೆಯ ಕೊಡಕ್ಕೆ ಯಾರೂ ನೀರು ಹೊಯ್ಯಲಿಲ್ಲ. ಮನೆಯಿಂದ ಹೊರಬಿದ್ದ ದಿಗಂಬರ ಮಾಸ್ತರರಲ್ಲಿ ಉಳಿದ. ತಿಂಗಳೊಳಗೆ ತಾಯಿ ಮಗ ಇಬ್ಬರೂ ಬಸವಕಲ್ಯಾಣ ಸೇರಿ ಕಲ್ಲು ಹೊರುವ ಕೆಲಸ ಹಿಡಿದರು.

ಆ ವರ್ಷದ ದೀಪಾವಳಿ ಕಳೆದ ಮೇಲೆ ಊರಿನ ಕೇರಿಯಿಂದ ಜಿಜಾಬಾಯಿ ಮಗಳ ಕೈ ಹಿಡಿದು ಹುಡುಕಿಕೊಂಡು ಬಂದಳು. ಬಾಗಿಲಲ್ಲೇ ನಿಂತು ಮಗಳನ್ನು ಮುಂದೆ ಬಿಟ್ಟಳು.

“ಅಕ್ಕಾ, ಇಕಿ ಹಾಡ್ತಾಳ. ಮಾಸ್ತರ ಬಲ್ಲಿ ಕಳಸಬೇಕಂತ ಮಾಡೀನಿ. ಊರಾಗ ಏನಾಗ್ತದೋ ಅಂತ ಅಂಜಿಕಿ ಆಗ್ತದ.”

“ಆಗ್ತದ ತಂಗೀ” ಎಂದಳು ಸುಂದರಬಾಯಿ. “ನನಗೂ ಇನ್ನಾ ಆಗ್ತದ. ಕಳಸು.”