ಕಿವಿಗೆ ಎಣ್ಣೆ

"ಎಣ್ಣೆ ಗಿಣ್ಣೆ ಏನಾದ್ರೂ ಬಿಟ್ಕೊಂಡಿದ್ದೀಯೇನಮ್ಮ?" ಹಣೆಗೆ ಕನ್ನಡಿ ಕಟ್ಟಿಕೊಂಡ ಡಾಕ್ಟರು ಹೊನ್ನಮ್ಮನ ಬಲಗಿವಿಯೊಳಗೆ ಇಣುಕುತ್ತಾ ಕೇಳಿದರು. ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದ ದಿನಗಳು. ಇಂಥ ಕಿವಿ ತುರಿಕೆಗೂ ಮಡಿಕೇರಿ ಆಸ್ಪತ್ರೆಗೇ ಬರಬೇಕು.

"ಇಲ್ಲ ಬುದ್ಧಿ," ಎಂದಳು ಹೊನ್ನಮ್ಮ. ಹಸಿ ಸುಳ್ಳು. ದಿನಾ ಸಂಜೆ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಡುತ್ತಿದ್ದ ಅತ್ತೆ ಸಿದ್ದಮ್ಮ, ಅವಳನ್ನು ಕರೆತಂದವಳು, ಅದೇ ಕೋಣೆಯಲ್ಲಿ ಗೋಡೆಗೊರಗಿ ನಿಂತಿದ್ದಳು.

ಡಾಕ್ಟರು ಚಿಮಟದಲ್ಲಿ ಒಂದು ಚೂರು ತೆಗೆದು ಬಿಳಿ ತಟ್ಟೆಗೆ ಹಾಕಿದರು. ನೆಂದ ಕಾಗದದಂಥದ್ದು, ಮೇಲೆಲ್ಲ ಕರಿ ಚುಕ್ಕೆ. "ನೋಡು, ಬೂಷ್ಟು. ಉಪ್ಪಿನಕಾಯಿ ಮೇಲೆ ಕಟ್ಟಲ್ವಾ, ಹಂಗೇ. ಎಣ್ಣೆ ಬಿಟ್ಟಷ್ಟೂ ಇದಕ್ಕೆ ಹಬ್ಬ."

"ನಾನೇ ಬುಟ್ಟಿದ್ದು ಬುದ್ಧಿ," ಎಂದಳು ಸಿದ್ದಮ್ಮ. "ದಿನಾ."

ಎಣ್ಣೆ ಬಿದ್ದಷ್ಟೂ ತುರಿಕೆ ಹೆಚ್ಚುವುದು ಹೊನ್ನಮ್ಮನಿಗೆ ಮೊದಲೇ ಗೊತ್ತಿತ್ತು; ಅತ್ತೆಗೆ ಹೇಳಿರಲಿಲ್ಲ. ಗಂಡ ಪುಟ್ಟರಾಜು ಜ್ವರ ಬಂದು ತೀರಿಕೊಂಡು ವರ್ಷವಾಗಿತ್ತು. ಅಂದಿನಿಂದ ಅವಳಿಗೆ ಅಳುವೂ ಬಂದಿರಲಿಲ್ಲ, ಹಸಿವೂ ಅಷ್ಟಕ್ಕಷ್ಟೆ. ಇಡೀ ಮೈಗೆ ಜೋಮು ಹಿಡಿದಂತಿತ್ತು. ಮನೆಯಲ್ಲಿ ಇಬ್ಬರೂ ಅವನ ಹೆಸರೆತ್ತುತ್ತಿರಲಿಲ್ಲ. ಕಿವಿ ತುರಿಸಿದ್ದೇ ನೆಪವಾಗಿ, ಸಂಜೆ ಅತ್ತೆಯ ತೊಡೆ ಮೇಲೆ ತಲೆಯಿಟ್ಟರೆ ಆ ಒರಟು ಬೆರಳು ಕಿವಿಯ ಸುತ್ತ ಸವರುತ್ತಿತ್ತು. ಅಷ್ಟು ಹೊತ್ತು ಮಾತ್ರ ತಾನೂ ಇದ್ದೇನೆ ಅನಿಸುತ್ತಿತ್ತು. ಎಣ್ಣೆ ನಿಂತರೆ ಅದೂ ನಿಂತಂತೆ. ಅದಕ್ಕೇ ಸುಳ್ಳು ಹೇಳಿದ್ದು, ಪಾಪ.

ಡಾಕ್ಟರು ಕಿವಿಯೊಳಗಿನ ಬೂಷ್ಟನ್ನೆಲ್ಲ ಬಳಿದು ತೆಗೆದು, ಹತ್ತಿಯಲ್ಲಿ ಒಣಗಿಸಿ, ನೇರಳೆ ಬಣ್ಣದ ಮದ್ದು ಸವರಿದರು. "ಹನಿ ನೀರೂ ಬೀಳಬಾರದು. ಮನೇಲಿ ಯಾರೂ ಏನೂ ಹಾಕಕೂಡದು. ಮೂರು ವಾರ, ವಾರಕ್ಕೆರಡು ಸಲ ಇಲ್ಲಿಗೇ ಬನ್ನಿ."

ಕುಶಾಲನಗರದ ಬಸ್ಸಿಳಿದು ಮನೆಗೆ ಬಂದವಳೇ ಸಿದ್ದಮ್ಮ ಎಣ್ಣೆ ಬಟ್ಟಲನ್ನು ಬೂದಿ ಹಾಕಿ ತಿಕ್ಕಿ ತಿಕ್ಕಿ ತೊಳೆದು ಬೋರಲು ಹಾಕಿದಳು. "ನನ್ ಕೈ ಸೇದೋಗ," ಎಂದು ತನ್ನನ್ನೇ ಶಪಿಸಿಕೊಂಡು ಬಾಗಿಲ ಬಳಿ ಕಾಲು ಚಾಚಿ ಕೂತಳು.

ಹೊನ್ನಮ್ಮ ಅಲ್ಲಿಗೇ ಹೋಗಿ, ಮದ್ದಿನ ಕಿವಿ ಕೆಳಗೆ ಮಾಡಿ, ಅತ್ತೆಯ ತೊಡೆ ಮೇಲೆ ತಲೆಯಿಟ್ಟಳು.

"ಅತ್ತೆಮ್ಮ, ಈ ಕಿವೀನೂ ಒಸಿ ನೋಡಿ."

ಸಿದ್ದಮ್ಮ ಎಡಗಿವಿ ಹಿಡಿದು ಬೆಳಕಿಗೆ ತಿರುಗಿಸಿದಳು. "ಏನೂ ಇಲ್ವಲ್ಲವ್ವ. ಚೆನ್ನಾಗೇ ಅದೆ."

"ಸರಿಯಾಗಿ ನೋಡಿ."

ಬೆರಳು ಒಂದು ಗಳಿಗೆ ತಡೆಯಿತು. ಆಮೇಲೆ ಆ ಕಿವಿಯ ಸುತ್ತ ಮೆಲ್ಲಗೆ ಸವರುತ್ತಾ, ಬಾಗಿಲ ಬೆಳಕು ಹೋಗುವವರೆಗೂ ಸಿದ್ದಮ್ಮ ನೋಡುತ್ತಲೇ ಇದ್ದಳು.